ಕಲ್ಲಾದ ಮೂಳೆ ಓದುವವರಿಗೆ ವಿದ್ಯಾರ್ಥಿವೇತನ ಏಕೆ?

ಈ ಸಾಲಿನ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಭೂವಿಜ್ಞಾನ ಮತ್ತು ಪಳೆಯುಳಿಕೆ ಶಾಸ್ತ್ರವನ್ನು ಸೇರಿಸಿರುವುದನ್ನು ಕಂಡು ಕೆಲವು ದಾನಿಗಳು ನಮ್ಮನ್ನು ವಿಚಾರಿಸಿದ್ದಾರೆ. ವೈದ್ಯಕೀಯ, ಇಂಜಿನಿಯರಿಂಗ್, ಬಿ.ಎಡ್. ಓದುವ ಬಡ ಮಕ್ಕಳೇ ಇಷ್ಟು ಮಂದಿ ಕಾದಿರುವಾಗ ಕಲ್ಲಾದ ಮೂಳೆ ಓದುವವರಿಗೆ ಹಣ ಏಕೆ ಎಂಬುದು ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಈಜಿಪ್ಟಿನ ಒಂದು ವಿಶ್ವವಿದ್ಯಾಲಯದ ಸಂಗತಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಈಜಿಪ್ಟ್ ಎಂದರೆ ನಮಗೆ ನೆನಪಾಗುವುದು ಪಿರಮಿಡ್ಡು, ನೈಲ್ ನದಿ. ಆದರೆ ಆ ದೇಶದ ಮರಳಿನ ಕೆಳಗೆ ಪಿರಮಿಡ್ಡಿಗಿಂತ ಎಷ್ಟೋ ಹಳೆಯದಾದ ಸಂಪತ್ತಿದೆ. ಕೈರೋ ನಗರದ ನೈಋತ್ಯಕ್ಕಿರುವ ಫಯ್ಯೂಮ್ ಪ್ರಾಂತದಲ್ಲಿ ‘ವಾದಿ ಅಲ್ ಹೀತಾನ್’, ಅಂದರೆ ತಿಮಿಂಗಿಲಗಳ ಕಣಿವೆ ಎಂಬ ಮರುಭೂಮಿಯಿದೆ. ಸುಮಾರು 4 ಕೋಟಿ ವರ್ಷಗಳ ಹಿಂದೆ ಅದು ಸಮುದ್ರ. ಅಲ್ಲಿ ಸಿಕ್ಕ ಬ್ಯಾಸಿಲೋಸಾರಸ್ ಎಂಬ ತಿಮಿಂಗಿಲದ ಮೈಯ ಉದ್ದ 15 ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಮೈಗೆ ಮೊಣಕಾಲು, ಬೆರಳು ಸಹಿತ ಎರಡು ಪುಟ್ಟ ಹಿಂಗಾಲುಗಳು! ನೆಲದ ಮೇಲೆ ನಡೆಯುತ್ತಿದ್ದ ಪ್ರಾಣಿಗಳ ಸಂತತಿ ಕಡಲಿಗಿಳಿದು ತಿಮಿಂಗಿಲವಾಯಿತು ಎಂಬುದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ಸಿಗುವ ಜಾಗಗಳು ವಿರಳ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಸಂಪತ್ತು ಈಜಿಪ್ಟಿನದು, ಓದಿದವರು ಮಾತ್ರ ಬೇರೆಯವರು. ಬಹರಿಯಾ ಓಯಸಿಸ್‌ನಲ್ಲಿ ಸಿಕ್ಕ ಸ್ಪೈನೋಸಾರಸ್ ಎಂಬ ಬೃಹತ್ ಡೈನೋಸಾರ್‌ಗೆ 1915ರಲ್ಲಿ ಹೆಸರಿಟ್ಟವರು ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್. ಮೂಳೆಗಳು ಮ್ಯೂನಿಕ್ ನಗರದ ಮ್ಯೂಸಿಯಂ ಸೇರಿದವು. 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಫಯ್ಯೂಮಿನ ಮೂಳೆಗಳು ಲಂಡನ್ನಿಗೂ ನ್ಯೂಯಾರ್ಕಿಗೂ ಹೋದವು. ಈಜಿಪ್ಟಿನ ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನ ವಿಭಾಗಗಳಿದ್ದರೂ, ಬೆನ್ನುಮೂಳೆಯ ಪ್ರಾಣಿಗಳ ಪಳೆಯುಳಿಕೆಗೆಂದೇ ಮೀಸಲಾದ ಕೇಂದ್ರ ಇರಲಿಲ್ಲ. ಅಂಥ ಕೇಂದ್ರವೊಂದು ಆರಂಭವಾದದ್ದು 2010ರಲ್ಲಿ, ಮನ್ಸೂರಾ ವಿಶ್ವವಿದ್ಯಾಲಯದಲ್ಲಿ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದ ಹಿಶಾಮ್ ಸಲ್ಲಾಮ್ ಅವರು ಅದರ ಸ್ಥಾಪಕರು. ಮನ್ಸೂರಾ ನೈಲ್ ಮುಖಜಭೂಮಿಯ ಊರು. ಸುತ್ತಲೂ ಭತ್ತದ ಗದ್ದೆ. ಡೈನೋಸಾರ್ ಮೂಳೆ ಅಲ್ಲಿ ಹುಡುಕಿದರೂ ಸಿಗದು. ಮರುಭೂಮಿಗೆ ಹೋಗಿಬರಲು ದೂರದ ಪ್ರಯಾಣವೇ ಆಗಬೇಕು. ಆದರೂ ಕೇಂದ್ರ ಬೆಳೆದದ್ದು ಅಲ್ಲಿ, ಏಕೆಂದರೆ ಕಲಿಸುವವರು ಇದ್ದದ್ದು ಅಲ್ಲಿ.

ಈ ಓದು ಹೇಗಿರುತ್ತದೆ ಎಂದು ಪೋಷಕರು ಕೇಳುತ್ತಾರೆ. ಮೊದಲು ಭೂವಿಜ್ಞಾನದ ಪದವಿ: ಯಾವ ಪದರ ಹಳೆಯದು, ಯಾವುದು ಹೊಸದು, ಯಾವ ಕಲ್ಲು ಕಡಲಿನದು, ಯಾವುದು ಹೊಳೆಯದು ಎಂದು ಗುರುತಿಸುವುದು. ಅದರ ಮೇಲೆ ಪ್ರಾಣಿಗಳ ಅಂಗರಚನೆ. ಇಂದಿನ ಮೀನು, ಮೊಸಳೆ, ಬಾವಲಿಗಳ ಮೂಳೆ ಬಲ್ಲವರಿಗೆ ಮಾತ್ರ ಕಲ್ಲಿನೊಳಗಿನ ಚೂರು ಯಾರದೆಂದು ತಿಳಿದೀತು. ಬಳಿಕ ಮರುಭೂಮಿಯ ಡೇರೆಗಳಲ್ಲಿ ವಾರಗಟ್ಟಲೆ ಕೆಲಸ. ಮುರಿದ ಕಾಲಿಗೆ ಪಟ್ಟಿ ಹಾಕಿದಂತೆ ಮೂಳೆಗೆ ಪ್ಲಾಸ್ಟರ್ ಸುತ್ತಿ ಹೊತ್ತು ತರುತ್ತಾರೆ. ಮುಂದೆ ಪ್ರಯೋಗಾಲಯದಲ್ಲಿ ಸಣ್ಣ ಉಪಕರಣಗಳಿಂದ ಕಲ್ಲನ್ನು ಕಣಕಣವಾಗಿ ಬಿಡಿಸುವುದು ತಿಂಗಳುಗಳ ಕೆಲಸ. ಅವಸರದವರಿಗೆ ಒಗ್ಗುವ ವಿದ್ಯೆಯಲ್ಲ.

ದಾಖ್ಲಾ ಓಯಸಿಸ್ ಬಳಿ ಈ ತಂಡಕ್ಕೆ 2013ರಲ್ಲಿ ಕಂಡ ಡೈನೋಸಾರ್‌ನ ವರದಿ ಪ್ರಕಟವಾದದ್ದು 2018ರಲ್ಲಿ. ಸುಮಾರು 8 ಕೋಟಿ ವರ್ಷ ಹಳೆಯದು, ಹೆಸರು ಮನ್ಸೂರಾಸಾರಸ್. ಡೈನೋಸಾರ್ ಯುಗದ ಕೊನೆಯ ಕಾಲದ ಮೂಳೆಗಳು ಆಫ್ರಿಕಾದಲ್ಲಿ ಬಹಳ ಅಪರೂಪ. ಇದರ ಹತ್ತಿರದ ನೆಂಟರು ಯುರೋಪು, ಏಷ್ಯಾಗಳಲ್ಲಿ ಕಂಡುಬಂದದ್ದರಿಂದ, ಆಫ್ರಿಕಾ ಆ ಕಾಲದಲ್ಲಿ ಪೂರ್ತಿ ಒಂಟಿಯಾಗಿರಲಿಲ್ಲ ಎಂದು ತಿಳಿಯಿತು. ಆ ವರದಿಯ ಲೇಖಕರಲ್ಲಿ ಸನಾ ಅಲ್ ಸಯ್ಯದ್, ಸಾರಾ ಸಾಬಿರ್, ಈಮಾನ್ ಅಲ್ ದಾವೂದಿ ಎಂಬ ಮೂವರು ಯುವತಿಯರಿದ್ದಾರೆ. ಸನಾ ಅವರು ಅದಕ್ಕೂ ಮೊದಲೇ, 2017ರಲ್ಲಿ, ವಾದಿ ಅಲ್ ಹೀತಾನ್‌ನ ಹೊಸ ಜಾತಿಯ ಮೀನೊಂದನ್ನು ವಿವರಿಸಿದ್ದರು. ಅರಬ್ಬಿಯಲ್ಲಿ ಅಂಥ ಮೀನಿಗೆ ಕರ್ಮೂತ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಕರ್ಮೂಟಸ್ ಆಯಿತು. ಮಾರುಕಟ್ಟೆಯ ಮೀನಿನ ಹೆಸರೇ ವಿಜ್ಞಾನದ ಪುಸ್ತಕ ಸೇರಿತು.

2008ರಲ್ಲಿ ಫಯ್ಯೂಮಿನಲ್ಲಿ ಸಿಕ್ಕ ನಾಲ್ಕು ಕಾಲಿನ ತಿಮಿಂಗಿಲದ ಕಥೆ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಸಲ್ಲಾಮ್ ಅವರು ಅದರ ಅಧ್ಯಯನವನ್ನು 2017ರವರೆಗೆ ಕೈಗೆತ್ತಿಕೊಳ್ಳಲಿಲ್ಲ. ತಮ್ಮ ದೇಶದವರದೇ ಸಮರ್ಥ ತಂಡ ಸಿದ್ಧವಾಗಲೆಂದು ಕಾದರು. 2021ರಲ್ಲಿ ಅಬ್ದುಲ್ಲಾ ಗೊಹರ್ ಎಂಬ ಯುವ ಸಂಶೋಧಕರ ಹೆಸರು ಮೊದಲಿಗಿಟ್ಟು ವರದಿ ಬಂತು. 4.3 ಕೋಟಿ ವರ್ಷ ಕಾದಿದ್ದ ಮೂಳೆ, ಓದುವ ಹುಡುಗರಿಗಾಗಿ ಇನ್ನೊಂದಿಷ್ಟು ವರ್ಷ ಕಾಯಿತು.

ಇನ್ನು ನಮ್ಮಲ್ಲಿ. ಕರ್ನಾಟಕದ ನೆಲ ಬಹುಪಾಲು ಅತಿ ಪುರಾತನ ಶಿಲೆ. ಮೂಳೆಯುಳ್ಳ ಪ್ರಾಣಿಗಳೇ ಹುಟ್ಟಿರದ ಕಾಲದ್ದು. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳುಂಟು, ಡೈನೋಸಾರ್ ಇಲ್ಲ. ಆದರೆ ಭಾರತ ಬಡ ದೇಶವಲ್ಲ: ಕಚ್ಛ್‌ನ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ದೈತ್ಯ ಹಾವಿಗೆ ಐಐಟಿ ರೂರ್ಕಿಯವರು 2024ರಲ್ಲಿ ವಾಸುಕಿ ಎಂದು ಹೆಸರಿಟ್ಟರು. ನಮ್ಮ ಮಕ್ಕಳು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡು, ಮೈಸೂರು ಅಥವಾ ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಂಥ ಕಡೆ ಸಂಶೋಧನೆಗೆ ಪ್ರಯತ್ನಿಸಬಹುದು. ಪಳೆಯುಳಿಕೆಯ ಹುದ್ದೆಗಳು ಕಡಿಮೆಯೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಆದರೆ ಅದೇ ಪದವಿಯಿಂದ ಅಂತರ್ಜಲ, ಗಣಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ದಾರಿಯೂ ತೆರೆದಿರುತ್ತದೆ.

ಈ ಓದಿನಲ್ಲಿ ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಶುಲ್ಕಕ್ಕಲ್ಲ, ಕ್ಷೇತ್ರ ಪ್ರವಾಸದ ಖರ್ಚಿಗೆ. ಹೆಣ್ಣುಮಕ್ಕಳಾದರೆ ಮನೆಯವರ ಅನುಮತಿಗೂ. ಆದ್ದರಿಂದ ಈ ವಿಭಾಗದಲ್ಲಿ ಕಾಲೇಜು ಶುಲ್ಕದ ಜೊತೆಗೆ ಪ್ರವಾಸ, ವಸತಿ, ಬೂಟು, ಸುತ್ತಿಗೆಯ ವೆಚ್ಚವನ್ನೂ ಟ್ರಸ್ಟ್ ಭರಿಸುತ್ತದೆ. ಪ್ರವಾಸದಲ್ಲಿ ಯಾವ ಅಧ್ಯಾಪಕಿಯರು ಜೊತೆಗಿರುತ್ತಾರೆ ಎಂಬ ವಿಭಾಗದ ಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸಿದರೆ, ಅಗತ್ಯವಿದ್ದಲ್ಲಿ ನಮ್ಮ ಸದಸ್ಯರು ಮನೆಗೆ ಬಂದು ಪೋಷಕರೊಡನೆ ಮಾತನಾಡುತ್ತಾರೆ.