ಒಂಟಿ ಕಣ್ಣಿನ ಗಾಡಿ

ರಾತ್ರಿ ಎರಡು ಗಂಟೆ. ನಮ್ಮೂರಿನ ಪಿಕಪ್ ಗಾಡಿ ಕೋಲಾರದ ಮಾರುಕಟ್ಟೆಗೆ ಹೊರಟಿತ್ತು. ಗಾಡಿ ತುಂಬಾ ಟೊಮೆಟೊ. ಆದರೆ ಮುಂದಿನ ಬಲಗಡೆ ದೀಪ ಹತ್ತಲಿಲ್ಲ.

"ಇನ್ನೊಂದು ಐತಲ್ಲ, ಸಾಕು ಬಿಡಿ" ಅಂದರು ಡ್ರೈವರಣ್ಣ.

ಸಾಕೇ? ಯೋಚನೆ ಮಾಡಿ. ಎದುರಿಗೆ ಬರುವವರಿಗೆ ಒಂದೇ ದೀಪ ಕಾಣುತ್ತದೆ. ಅವರು ಬೈಕ್ ಅಂದುಕೊಳ್ಳುತ್ತಾರೆ. ಗಾಡಿಯ ಬಲಭಾಗ ಕತ್ತಲಲ್ಲಿ ಇರುತ್ತದೆ. ತೀರಾ ಹತ್ತಿರ ಬಂದ ಮೇಲೆ ಗೊತ್ತಾದರೆ ಏನು ಫಲ?

ದೀಪ ಯಾಕೆ ಹತ್ತಲಿಲ್ಲ? ನಾವೇ ಹುಡುಕಬಹುದು. ಮೊದಲು ಗಾಡಿಯನ್ನು ರಸ್ತೆ ಬಿಟ್ಟು ನಿಲ್ಲಿಸಿ. ಕೀ ತೆಗೆಯಿರಿ. ಬಲ್ಬು ತಣ್ಣಗಾಗಲಿ. ಬಿಸಿ ಇದ್ದರೆ ಕೈ ಸುಡುತ್ತದೆ.

ಒಂದು ಕಡೆ ಮಾತ್ರ ಹತ್ತದಿದ್ದರೆ ಎರಡೂ ಕಡೆ ಬಲ್ಬುಗಳನ್ನು ಅದಲು ಬದಲು ಮಾಡಿ. ಹತ್ತದ ಬಲ್ಬು ಆ ಕಡೆಯೂ ಹತ್ತಲಿಲ್ಲವೇ? ಬಲ್ಬು ಹೋಗಿದೆ. ಆ ಕಡೆ ಹತ್ತಿತೇ? ಬಲ್ಬು ಚೆನ್ನಾಗಿದೆ. ತೊಂದರೆ ಫ್ಯೂಸಿನಲ್ಲೋ ವಯರಿನಲ್ಲೋ ಇದೆ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಕೈಯ ಜಿಡ್ಡು ತಾಗಿದರೆ ಬಲ್ಬು ಬೇಗ ಹೋಗುತ್ತದೆ. ಒಣಗಿದ ಶುದ್ಧ ಬಟ್ಟೆಯಲ್ಲಿ ಹಿಡಿಯಿರಿ.

ಎರಡೂ ದೀಪ ಒಟ್ಟಿಗೇ ಹೋದರೆ ಫ್ಯೂಸು, ರಿಲೇ, ಸ್ವಿಚ್ಚು ನೋಡಿಸಬೇಕು.

ದೀಪ ಮಂಕಾಗಿದ್ದರೆ ಅರ್ತ್ ವಯರ್ ನೋಡಿ. ಇದನ್ನು ಗಾಡಿಯ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಅಲ್ಲಿ ತುಕ್ಕು ಇದ್ದರೆ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿಯಿರಿ.

ಫ್ಯೂಸಿನೊಳಗೆ ಒಂದು ಸಣ್ಣ ತಂತಿ ಇದೆ. ಕರೆಂಟು ಹೆಚ್ಚು ಹರಿದರೆ ಅದು ಕರಗಿ ತುಂಡಾಗುತ್ತದೆ. ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ. ಅದರ ಮೇಲೆ 10, 15, 20 ಹೀಗೆ ಅಂಕಿ ಇರುತ್ತದೆ. ಅದೇ ಅಂಕಿಯ ಫ್ಯೂಸನ್ನೇ ಹಾಕಬೇಕು. ಕೆಲವರು ತಾಮ್ರದ ತಂತಿ ಸುತ್ತಿಬಿಡುತ್ತಾರೆ. ಆಗ ತಂತಿ ಕರಗುವುದಿಲ್ಲ, ವಯರೇ ಕಾಯುತ್ತದೆ. ಗಾಡಿಗೆ ಬೆಂಕಿ ಬೀಳಬಹುದು. ಹೊಸ ಫ್ಯೂಸೂ ಕೂಡಲೇ ಹೋದರೆ ಎಲ್ಲೋ ವಯರ್ ಸುಲಿದಿರಬಹುದು. ಎಲೆಕ್ಟ್ರಿಶಿಯನ್ ಹತ್ತಿರ ಹೋಗಿ.

ಆ ರಾತ್ರಿ ಏನಾಯಿತು? ಡ್ರೈವರಣ್ಣ ಬಲ್ಬು ಬದಲಿಸಿ ನೋಡಿದರು. ಬಲ್ಬು ಸರಿ ಇತ್ತು. ಬಲಗಡೆ ದೀಪದ ಫ್ಯೂಸು ಸುಟ್ಟಿತ್ತು. ಟಾರ್ಚ್ ಬೆಳಕಿನಲ್ಲಿ ಅದರ ಮೇಲಿನ ಅಂಕಿ ಓದಿದರು. 10. ಡಬ್ಬಿಯಲ್ಲಿದ್ದ ಇನ್ನೊಂದು 10ರ ಫ್ಯೂಸು ಹಾಕಿದರು. ಗಾಡಿ ಎರಡೂ ಕಣ್ಣು ತೆರೆಯಿತು.

ಅರ್ಧ ಗಂಟೆ ತಡವಾಯಿತು, ನಿಜ. ಟೊಮೆಟೊ ಮಾರುಕಟ್ಟೆ ಸೇರಿತು. ಡ್ರೈವರಣ್ಣ ಕ್ಷೇಮವಾಗಿ ಮನೆ ಸೇರಿದರು.

ನಿಮ್ಮೂರಿನಲ್ಲೂ ಒಂಟಿ ಕಣ್ಣಿನ ಗಾಡಿ ಇದೆಯೇ? ಹೊರಡುವ ಮುಂಚೆ ಹೇಳಿ.