ಹದಿಹರೆಯದ ಮನಸ್ಸು ಮತ್ತು ಪರಿಸರ ಜಾಗೃತಿ: ಗುಂಡ್ಲುಪೇಟೆಯ ಕಾಡಂಚಿನಿಂದ ಒಂದು ಚಿಂತನೆ

ಕರಾವಳಿಯ ನಮ್ಮ ಶಾಲೆಗಳ ಮಕ್ಕಳಿಗೆ ಗುಂಡ್ಲುಪೇಟೆ ಎಂದರೆ ಊಟಿ ಪ್ರವಾಸದ ದಾರಿಯಲ್ಲಿ ಸಿಗುವ ಊರು. ಬಸ್ಸು ಬಂಡೀಪುರ ಹೊಕ್ಕೊಡನೆ ಎಲ್ಲರೂ ಕಿಟಕಿಗೆ ಅಂಟಿಕೊಳ್ಳುತ್ತಾರೆ. ಆನೆ ಕಂಡರೆ ಕೂಗು, ಚಪ್ಪಾಳೆ. ಅದೇ ಕಾಡಿನ ಅಂಚಿನಲ್ಲಿ ಬೆಳೆಯುವ ಹದಿನೈದರ ಹುಡುಗನಿಗೆ ಆನೆ ಎಂದರೆ ಬೇರೆಯೇ. ಅದನ್ನು ಓಡಿಸಲು ಮನೆಯವರು ರಾತ್ರಿಯಿಡೀ ಹೊಲದ ಅಟ್ಟಣೆಯ ಮೇಲೆ ಎಚ್ಚರವಿರಬೇಕು. ಪರಿಸರ ಶಿಬಿರ ನಡೆಸುವ ವೈ.ಸಿ.ಎಸ್. ಸಚೇತಕರು, ಕ್ರೈಸ್ತ ಶಿಕ್ಷಣದ ಶಿಕ್ಷಕರು ಹಾಗೂ ಧರ್ಮಭಗಿನಿಯರು ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ನಾವು ಬಯಸುತ್ತೇವೆ.

ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟಿತು. ಧರ್ಮಸಭೆಯ ಆಡಳಿತದಲ್ಲಿ ಅದು ಇಂದಿಗೂ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಈ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದ ಮಂಗಳೂರಿನ ಹುಡುಗಿ ಅತ್ತಿರಬಹುದು. ಹಸು ಕಳೆದುಕೊಂಡ ಮನೆಯ ನೋವು ಅರಿತ ಕಾಡಂಚಿನ ಹುಡುಗಿಗೆ ದುಃಖದ ಜೊತೆಗೆ ಸಿಟ್ಟು, ನಾಚಿಕೆ, ಭಯ ಎಲ್ಲವೂ ಆಗಿರಬಹುದು. ಇಬ್ಬರಿಗೂ ಒಂದೇ ಸ್ಲೈಡ್ ಪ್ರದರ್ಶನ ಸಾಲದು.

ಈ ಆತಂಕ ನಮ್ಮ ಕಲ್ಪನೆಯಲ್ಲ. ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವರ್ಷದ ಹತ್ತು ಸಾವಿರ ಯುವಜನರನ್ನು ಮಾತನಾಡಿಸಿದ ಸಮೀಕ್ಷೆಯೊಂದು 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಚಿಂತೆಯಿದೆ ಎಂದವರು ಶೇ. 59; ಅದು ದಿನನಿತ್ಯದ ಬದುಕನ್ನೇ ಕೆಡಿಸುತ್ತಿದೆ ಎಂದವರು ಶೇ. 45ಕ್ಕೂ ಹೆಚ್ಚು. ಇಂತಹ ಚಿಂತೆ ತನ್ನಷ್ಟಕ್ಕೆ ರೋಗವಲ್ಲ. ಕೆಡುತ್ತಿರುವುದನ್ನು ಕಂಡು ಕಳವಳಪಡುವ ಮನಸ್ಸು ಆರೋಗ್ಯವಾಗಿಯೇ ಇದೆ. ಒಂಟಿಯಾಗಿ ಹೊತ್ತಾಗಲೇ ಅದು ಭಾರವಾಗುವುದು.

ಆದ್ದರಿಂದ ಮೊದಲ ಕೆಲಸ ಕೇಳುವುದು. 'ಅದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ, ದೇವರಿದ್ದಾನೆ' ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ಮಗುವಿನ ಬಾಯಿ ಅಲ್ಲಿಗೆ ಮುಚ್ಚುತ್ತದೆ. 'ನಿನಗೆ ಯಾವುದು ಹೆಚ್ಚು ಹೆದರಿಕೆ ತಂದಿತು?' ಎಂದು ಕೇಳಿ ಸುಮ್ಮನಿರಬೇಕು. ಪ್ರಬೋಧನೆ ಮಾಡಿ ಅಭ್ಯಾಸವಾದ ನಮ್ಮಂತಹ ಗುರುಗಳಿಗೆ ಈ ಸುಮ್ಮನಿರುವುದೇ ಕಷ್ಟ! ಮಗು ತನ್ನ ಭಾವನೆಗೆ ಹೆಸರು ಕೊಡಬಲ್ಲದಾದರೆ, ಅದು ಭಯವೋ ಸಿಟ್ಟೋ ತಪ್ಪಿತಸ್ಥ ಭಾವವೋ ಎಂದು ತಿಳಿದರೆ, ಅದರ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಎದೆ ಬಡಿತ ಜೋರಾದ ಮಗುವಿಗೆ ನಿಧಾನವಾಗಿ ಉಸಿರು ಬಿಡುವುದನ್ನು, ಸುತ್ತ ಕಾಣುವ ಐದು ವಸ್ತುಗಳನ್ನು ಹೆಸರಿಸುವುದನ್ನು ಹೇಳಿಕೊಡಬಹುದು.

ಎರಡನೆಯದು ಭರವಸೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಮರಿಯಾ ಓಯಾಲ ಅವರು ಮಕ್ಕಳು ಈ ಚಿಂತೆಯನ್ನು ಎದುರಿಸುವ ಮೂರು ದಾರಿಗಳನ್ನು ಗುರುತಿಸಿದ್ದಾರೆ: ಚಿಂತೆಯನ್ನು ದೂರ ತಳ್ಳುವುದು, ಪರಿಹಾರಕ್ಕಾಗಿ ದುಡಿಯುವುದು, ಪರಿಸ್ಥಿತಿಯಲ್ಲಿ ಅರ್ಥ ಕಾಣುವುದು. ಕುತೂಹಲದ ಸಂಗತಿಯೆಂದರೆ, ಪರಿಹಾರಕ್ಕೆ ದುಡಿಯುವ ಮಕ್ಕಳಲ್ಲಿ ಬೇಸರವೂ ಹೆಚ್ಚು ಕಂಡುಬಂದಿತು. ದೊಡ್ಡವರೂ ದುಡಿಯುತ್ತಿದ್ದಾರೆ, ನಾನೊಬ್ಬನೇ ಅಲ್ಲ ಎಂಬ ನಂಬಿಕೆ ಇದ್ದವರು ಹೆಚ್ಚು ನೆಮ್ಮದಿಯಿಂದಿದ್ದರು. ಅಂದರೆ 'ಭೂಮಿಯನ್ನು ಉಳಿಸುವವರು ನೀವೇ' ಎಂದು ಹದಿಮೂರರ ಮಕ್ಕಳ ಹೆಗಲಿಗೆ ಹೊರಿಸಿ ಕಳುಹಿಸುವ ಶಿಬಿರ ಉಪಕಾರ ಮಾಡುವುದಿಲ್ಲ.

ಗುಂಡ್ಲುಪೇಟೆಯ ಕಡೆ ತೋರಿಸಲು ಇಂತಹ ಉದಾಹರಣೆಗಳಿವೆ. 2019ರ ಬೆಂಕಿ ಆರಿಸಲು ಅರಣ್ಯ ಸಿಬ್ಬಂದಿಯೊಡನೆ ಸ್ವಯಂಸೇವಕರೂ ಹೋಗಿದ್ದರು. ಕಾಡನ್ನು ಕವಿದು ಬೇಸಿಗೆಯಲ್ಲಿ ಬೆಂಕಿಗೆ ಮೇವಾಗುವ ಲಂಟಾನವನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜುಗಳಾಗಿ ಮಾಡುತ್ತಾರೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿರ್ಬಂಧವಿದೆ. ಶಿಬಿರಕ್ಕೆ ಸೋಲಿಗ ಹಿರಿಯರನ್ನು, ಅರಣ್ಯ ರಕ್ಷಕರನ್ನು, ಬೆಳೆ ಕಳೆದುಕೊಂಡ ರೈತರನ್ನು ಕರೆಸಿ ಮಕ್ಕಳೊಡನೆ ಕೂರಿಸಬೇಕು. ಬಡವರ ಗೋಳನ್ನು ಬಿಟ್ಟು ಪರಿಸರದ ಮಾತಿಲ್ಲ ಎಂಬುದೇ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಪ್ರಕಟಿಸಿದ 'ಲೌದಾತೊ ಸಿ' ವಿಶ್ವಪತ್ರದ ತಿರುಳು. ರೈತನನ್ನು ಖಳನಾಯಕನಂತೆ ತೋರಿಸುವ ಪರಿಸರ ಪಾಠ ಈ ವಿಶ್ವಪತ್ರಕ್ಕೆ ವಿರುದ್ಧವೇ ಸರಿ.

ಇನ್ನು ಎಲ್ಲ ಬೇಸರವೂ ಪರಿಸರದ್ದಲ್ಲ. ಎರಡು ವಾರಕ್ಕೂ ಮೀರಿ ನಿದ್ರೆ, ಊಟ, ಓದು ಕೆಟ್ಟಿದ್ದರೆ, ಗೆಳೆಯರಿಂದ ದೂರ ಸರಿದಿದ್ದರೆ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಂದರೆ ತಡಮಾಡಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬಹುದು; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂತಹ ಮಗುವನ್ನು ಒಂಟಿಯಾಗಿ ಬಿಡದೆ ಹೆತ್ತವರಿಗೆ ತಿಳಿಸಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕುವಂತೆ ಪಾಲನಾ ಪರಿಷತ್ತುಗಳನ್ನು ಕೋರುತ್ತೇವೆ. ಶಿಬಿರ ಮುಗಿದು ಒಂದು ತಿಂಗಳಾದ ಮೇಲೆ ಸಚೇತಕರು ಮಕ್ಕಳನ್ನು ಮತ್ತೊಮ್ಮೆ ಸೇರಿಸಿ ಹೇಗಿದ್ದೀರಿ ಎಂದು ವಿಚಾರಿಸಲಿ.