ಎರಡು ಬಿಂದಿಗೆ ನೀರು

ಅಜ್ಜಿ ಕಥೆ ಹೇಳುವಾಗ ಕೇಳುವವರು ನಡುನಡುವೆ ‘ಹೂಂ’ ಎನ್ನಬೇಕು. ಹೂಂಗುಟ್ಟುವ ದನಿ ನಿಂತರೆ ಕಥೆಯೂ ನಿಲ್ಲುತ್ತದೆ. ಮಕ್ಕಳು ತೂಕಡಿಸತೊಡಗಿದರೆ ಆಕೆ ರಾಕ್ಷಸನನ್ನು ಬೇಗನೆ ಕರೆತರುತ್ತಾಳೆ. ಕಣ್ಣರಳಿಸಿ ಕುಳಿತಿದ್ದರೆ ಅರಮನೆಯ ಮದುವೆಯ ಅಡುಗೆಯನ್ನೆಲ್ಲ ಒಂದೊಂದಾಗಿ ಬಣ್ಣಿಸುತ್ತಾಳೆ. ನಿನ್ನೆಯ ಕಥೆಯೇ ಇಂದು ಬೇರೆಯಾಗಿ ಕೇಳಿಸುತ್ತದೆ. ಜನಪದ ಕಥೆಗೆ ಇಂಥದೇ ಎಂದು ನಿಗದಿಯಾದ ಒಂದು ರೂಪವಿಲ್ಲ. ಹೇಳುವವರು ಎಷ್ಟು ಮಂದಿಯೋ ಅದರ ರೂಪಗಳೂ ಅಷ್ಟು.

ಹಾಗಾದರೆ ಅದನ್ನು ಹೊಸ ರೀತಿಯಲ್ಲಿ ಹೇಳಹೊರಟವರು ಏನನ್ನು ಬೇಕಾದರೂ ಬದಲಾಯಿಸಬಹುದೆ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ನಾಡಿನದೇ ಒಂದು ಕಥೆಯಲ್ಲಿ ಹುಡುಕೋಣ.

ಮೈಸೂರಿನಲ್ಲಿ ಹುಟ್ಟಿ, ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ (1929-1993) ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕಥೆಯೂ ಒಂದು. ಬಡ ಮುದುಕಿಯೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿ ದುಡಿದು ಬಳಲುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ. ಉಗುರು ತಾಗದಂತೆ ಎರಡು ಬಿಂದಿಗೆ ನೀರು ತರಬೇಕು. ಒಂದನ್ನು ಮೈಮೇಲೆ ಸುರಿದರೆ ಅವಳು ಹೂವಿನ ಗಿಡವಾಗುತ್ತಾಳೆ. ಕುಡಿ ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮರಳಿ ಹುಡುಗಿಯಾಗುತ್ತಾಳೆ. ಆ ಹೂವನ್ನು ಮಾರಿ ಅವರು ಬದುಕು ಸಾಗಿಸುತ್ತಾರೆ.

ಹೂವಿನ ಮರ್ಮವನ್ನು ಅರಿತ ರಾಜಕುಮಾರನು ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ನಾದಿನಿಯೂ ಅವಳ ಗೆಳತಿಯರೂ ಅವಳನ್ನು ತೋಟಕ್ಕೆ ಕರೆದೊಯ್ದು, ಬಲವಂತದಿಂದ ಗಿಡವಾಗಿಸಿ, ಕೊಂಬೆಗಳನ್ನೇ ಮುರಿದು ಹೂ ಕೀಳುತ್ತಾರೆ. ಎರಡನೆಯ ಬಿಂದಿಗೆಯ ನೀರನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಹುಡುಗಿಯು ಕೈಕಾಲಿಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ. ಬಹುಕಾಲ ಅಲೆದ ಪತಿ ಕೊನೆಗೆ ಅವಳನ್ನು ಗುರುತಿಸಿ, ಮತ್ತೆ ಗಿಡವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಕೂಡಿಸಿ ನೀರೆರೆಯುತ್ತಾನೆ. ಅವಳು ಪೂರ್ಣಳಾಗಿ ಎದ್ದು ನಿಲ್ಲುತ್ತಾಳೆ.

ಈ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಲನಚಿತ್ರವಾಗಿ ಮಾಡಿದರು. ಅಜ್ಜಿ ದನಿಯಿಂದ ಕಟ್ಟುವುದನ್ನು ಚಿತ್ರವು ಕಣ್ಣೆದುರು ತಂದು ನಿಲ್ಲಿಸಬೇಕು. ಕಾರ್ನಾಡರು ಆ ಹುಡುಗಿಯ ನೋವಿನಲ್ಲಿ ಮರಗಿಡಗಳ ನೋವನ್ನೂ ಕಂಡರು. ಪರಿಸರದ ಕಳಕಳಿ ಚಿತ್ರದ ಜೀವಾಳವಾಯಿತು. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಕಥೆ ಕಡಲನ್ನೂ ದಾಟಿತು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಅದನ್ನು ಆಪೆರಾ, ಎಂದರೆ ಹಾಡಿನಲ್ಲಿಯೇ ನಡೆಯುವ ನಾಟಕವಾಗಿ ರಚಿಸಿದರು. ಅದು 2006ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ಅಲ್ಲಿ ಹುಡುಗಿ, ರಾಜಕುಮಾರ ಮತ್ತು ಕಥೆಗಾರ ಎಂಬ ಮೂವರು ಗಾಯಕರು ಇಂಗ್ಲಿಷಿನಲ್ಲಿ ಹಾಡಿದರೆ ಮೇಳದವರು ಸ್ಪ್ಯಾನಿಷ್ ಭಾಷೆಯಲ್ಲಿ ಹಾಡುತ್ತಾರೆ. ಭಾಷೆ, ವೇಷ, ವಾದ್ಯ ಎಲ್ಲವೂ ಬೇರೆ. ಆದರೂ ಗಿಡವಾದ ಹುಡುಗಿಯನ್ನು ನಮ್ಮ ಅಜ್ಜಿ ಕಂಡಿದ್ದರೆ ಗುರುತು ಹಿಡಿಯುತ್ತಿದ್ದಳು.

ಇದನ್ನು ನಾನು ತಿಳಿದದ್ದು ತಡವಾಗಿ. ಅಧ್ಯಾಪಕನಾಗಿದ್ದಾಗ ಒಮ್ಮೆ ಒಂಬತ್ತನೆಯ ತರಗತಿಗೆ ಈ ಕಥೆಯನ್ನು ಹೇಳಿ, ಅದನ್ನು ಬರೆದು ತರುವಂತೆ ಸೂಚಿಸಿದೆ. ಒಬ್ಬ ಬಾಲಕ, ಮಂತ್ರವಾದಿಯೊಬ್ಬನು ಬಂದು ಕ್ಷಣದಲ್ಲಿ ಹುಡುಗಿಯನ್ನು ಸರಿಪಡಿಸಿದನೆಂದು ಬರೆದಿದ್ದ. ಬರವಣಿಗೆ ಅಚ್ಚುಕಟ್ಟಾಗಿತ್ತು, ಒಳ್ಳೆಯ ಅಂಕ ಕೊಟ್ಟೆ. ಒಬ್ಬ ಬಾಲಕಿ ಕಥೆಯನ್ನು ನಡುವಿನಿಂದ ಆರಂಭಿಸಿದ್ದಳು. ಅರ್ಧ ದೇಹದ ಹುಡುಗಿಯೇ ‘ನಾನು’ ಎಂದು ಮಾತನಾಡುತ್ತಿದ್ದಳು; ದಾರಿಯಲ್ಲಿ ಹೋಗುವವರ ಪಾದಗಳನ್ನು ಮಾತ್ರ ಕಾಣುತ್ತಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಕೇಳಿದಂತೆ ಬರೆದಿಲ್ಲ’ ಎಂದು ಗೀಚಿದೆ. ಆ ವರ್ಷವೆಲ್ಲ ಆಕೆ ನಾನು ಹೇಳಿಕೊಟ್ಟದ್ದಕ್ಕಿಂತ ಒಂದು ವಾಕ್ಯವನ್ನೂ ಹೆಚ್ಚಾಗಿ ಬರೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ಮುರಿದದ್ದನ್ನು ಪ್ರೀತಿಯ ಕೈಯೇ ತಾಳ್ಮೆಯಿಂದ ಕೂಡಿಸಬೇಕೆಂಬುದು ಈ ಕಥೆಯ ತಿರುಳು. ಮಂತ್ರವಾದಿಯನ್ನು ತಂದ ಬಾಲಕ ಅರಿಯದೆಯೇ ಆ ಕೊಂಬೆಯನ್ನು ಮುರಿದಿದ್ದ. ಬಾಲಕಿಯಾದರೋ ಹೇಳುವ ಬಾಯನ್ನು ಮಾತ್ರ ಬದಲಾಯಿಸಿದ್ದಳು. ಯಾರೂ ಕೇಳದೆ ಬಿಟ್ಟಿದ್ದ ನೋವಿಗೆ ದನಿ ಕೊಟ್ಟಿದ್ದಳು. ಚಿಗುರುತ್ತಿದ್ದ ಕುಡಿಗೆ ಉಗುರು ತಾಗಿಸಿದವನು ನಾನೇ.

ಆದುದರಿಂದ ನೀವು ಹೊಸದಾಗಿ ಕಥೆ ಹೇಳಲು ಅಂಜಬೇಕಾಗಿಲ್ಲ. ಕಥೆಯನ್ನು ಕೊನೆಯಿಂದ ಮೊದಲು ಮಾಡಬಹುದು. ನಾದಿನಿಯ ಬಾಯಿಂದ ಹೇಳಿಸಬಹುದು. ಪತ್ರಗಳಾಗಿ, ನಾಟಕವಾಗಿ ಬರೆಯಬಹುದು. ಅರಮನೆಯನ್ನು ಬಿಟ್ಟು ಇಂದಿನ ಬೀದಿಗೆ ತರಬಹುದು. ಆದರೆ ಅದಕ್ಕೆ ಮೊದಲು ಮನೆಯ ಹಿರಿಯರ ಬಳಿ ಕುಳಿತು ಕಥೆಯನ್ನು ಪೂರ್ತಿಯಾಗಿ ಕೇಳಿರಿ. ಅವರ ಮಾತಿನಲ್ಲಿಯೇ ಅದನ್ನು ಬರೆದಿಡಿರಿ. ಬಳಿಕ ನಿಮ್ಮನ್ನೇ ಕೇಳಿಕೊಳ್ಳಿರಿ: ಯಾವುದನ್ನು ತೆಗೆದರೆ ಈ ಕಥೆ ಈ ಕಥೆಯಾಗಿ ಉಳಿಯುವುದಿಲ್ಲ? ಅದನ್ನು ಕಾಪಾಡಿಕೊಂಡು ಉಳಿದುದನ್ನು ಧೈರ್ಯವಾಗಿ ಬದಲಾಯಿಸಿರಿ.

ಹಳೆಯ ಕಥೆಯನ್ನು ಹೊಸದಾಗಿ ಹೇಳುವವರ ಕೈಯಲ್ಲಿಯೂ ಎರಡು ಬಿಂದಿಗೆ ನೀರಿರಬೇಕು. ಒಂದು, ಕಥೆ ಹೂಬಿಡುವುದಕ್ಕೆ. ಇನ್ನೊಂದು, ಹೂ ಬಿಡಿಸಿಕೊಂಡ ಮೇಲೆ ಅದು ತನ್ನ ರೂಪದಲ್ಲಿ ಎದ್ದು, ಮುಂದಿನವರ ಮನೆಗೆ ನಡೆದುಹೋಗುವುದಕ್ಕೆ.